ಹಳೆಯ ಲಾರಿಗಳ ಒಳಾಂಗ: ಜೀರ್ಣರಕ್ಷಣೆಯೂ ರೂಪಾಂತರವೂ

ಹಳೆಯದೊಂದು ವಸ್ತುವು ಕೈಗೆ ಬಂದಾಗ ಅದನ್ನು ಇದ್ದಂತೆಯೇ ಕಾಪಾಡಬೇಕೋ, ಈಗಿನ ಅನುಕೂಲಕ್ಕೆ ತಕ್ಕಂತೆ ತಿದ್ದಿಕೊಳ್ಳಬೇಕೋ ಎಂಬ ಪ್ರಶ್ನೆಯು ದೇವಾಲಯ, ಅರಮನೆ, ಓಲೆಯ ಗ್ರಂಥ ಮೊದಲಾದವುಗಳ ವಿಷಯದಲ್ಲಿ ಬಹುಕಾಲದಿಂದ ಚರ್ಚೆಗೆ ಬಂದಿರುವುದಷ್ಟೆ. ಮಯಮತವೆಂಬ ಶಿಲ್ಪಗ್ರಂಥದಲ್ಲಿ ಜೀರ್ಣೋದ್ಧಾರಕ್ಕೆಂದೇ ಪ್ರತ್ಯೇಕವಾದ ಅಧ್ಯಾಯವುಂಟು. ಆದರೆ ಇದೇ ಪ್ರಶ್ನೆಯು ಸರಕು ಹೊರುವ ಲಾರಿಯ ವಿಷಯದಲ್ಲಿಯೂ ಹುಟ್ಟಿ, ಅಮೆರಿಕಾ ಯುರೋಪುಗಳಲ್ಲಿ ಅದರ ಸುತ್ತ ಪಕ್ಷಪ್ರತಿಪಕ್ಷಗಳು ಏರ್ಪಟ್ಟು, ಕಡೆಗೆ ಅಂತರರಾಷ್ಟ್ರೀಯ ನಿಬಂಧನೆಯೊಂದು ರಚಿತವಾಗುವವರೆಗೂ ವಾದವು ಬೆಳೆಯಿತೆಂಬ ಸಂಗತಿಯು ವಾಚಕರಲ್ಲಿ ಅನೇಕರಿಗೆ ಹೊಸದಾಗಿ ತೋರಬಹುದು. ಕಾರು ಶ್ರೀಮಂತರ ವಾಹನ, ಅದನ್ನು ಒರೆಸಿ ಹೊಳಪಿಟ್ಟು ಕಾಪಾಡುವವರು ಮೊದಲಿನಿಂದಲೂ ಇದ್ದರು. ಲಾರಿಯಾದರೋ ಕೂಲಿಯವನಂತೆ ಸವೆಯುವವರೆಗೆ ದುಡಿದು, ಸವೆದ ಮೇಲೆ ಗುಜರಿಗೆ ಬೀಳುವ ವಸ್ತು. ಅದರ ಇತಿಹಾಸವನ್ನು ಯಾರೂ ಕೇಳುವವರಿರಲಿಲ್ಲ.

ಅದರಲ್ಲಿಯೂ ಲಾರಿಯ ಹೊರಮೈಯನ್ನು ನೋಡುವವರು ನೂರು ಮಂದಿ, ಒಳಾಂಗವನ್ನು ನೋಡುವವರು ಒಬ್ಬಿಬ್ಬರು. ಚಾಲಕನು ಕುಳಿತುಕೊಳ್ಳುವ ಚಿಕ್ಕ ಕೋಣೆಯನ್ನು ಲಾರಿಯವರು ಕ್ಯಾಬಿನ್ನು ಎನ್ನುವರು. ಎಂಜಿನು ಕಾರ್ಖಾನೆಯವರ ಬುದ್ಧಿಯನ್ನು ತೋರಿಸುತ್ತದೆ, ಹೊರಬಣ್ಣವು ಯಜಮಾನನ ಅಭಿರುಚಿಯನ್ನು ತೋರಿಸುತ್ತದೆ. ಕ್ಯಾಬಿನ್ನಾದರೋ ದಿನಕ್ಕೆ ಹತ್ತು ಹನ್ನೆರಡು ಗಂಟೆಗಳ ಕಾಲ ಅದರಲ್ಲಿ ಕುಳಿತು ಬದುಕಿದವನ ಜೀವನವನ್ನು ತೋರಿಸುತ್ತದೆ. ಆದುದರಿಂದ ವಾದವು ಇಲ್ಲಿಯೇ ತೀಕ್ಷ್ಣವಾಗಿರುವುದು ಸಹಜವೇ ಸರಿ.

ಎಂಜಿನಿನಿಂದ ಓಡುವ ಮೊದಲ ಲಾರಿಯನ್ನು ಜರ್ಮನಿಯ ಗೊಟ್ಲೀಬ್ ಡೈಮ್ಲರನು 1896ರಲ್ಲಿ ನಿರ್ಮಿಸಿದನು. ಸುಮಾರು ನಾಲ್ಕು ಅಶ್ವಶಕ್ತಿಯ ಎಂಜಿನಿನಿಂದ ಒಂದೂವರೆ ಸಾವಿರ ಕಿಲೋಗ್ರಾಂ ಭಾರವನ್ನು ಎಳೆಯುತ್ತಿದ್ದ ಈ ಬಂಡಿಯಲ್ಲಿ ಚಾಲಕನಿಗೆ ಕೋಣೆಯೆಂಬುದೇ ಇರಲಿಲ್ಲ. ಕುದುರೆಗಾಡಿಯ ಸಾರಥಿಯು ಹೇಗೆ ಬಯಲಿನಲ್ಲಿ ಎತ್ತರವಾದ ಹಲಗೆಯ ಮೇಲೆ ಕುಳಿತುಕೊಳ್ಳುತ್ತಿದ್ದನೋ ಹಾಗೆಯೇ ಇವನೂ ಬಿಸಿಲು ಮಳೆಗಳಿಗೆ ಮೈಯೊಡ್ಡಿ ಕುಳಿತುಕೊಳ್ಳಬೇಕಾಗಿತ್ತು. ಕುದುರೆ ಹೋಯಿತು, ಸಾರಥಿಯ ಕಷ್ಟ ಹೋಗಲಿಲ್ಲ. ಅಮೆರಿಕಾದಲ್ಲಿ ಫೋರ್ಡ್ ಕಂಪೆನಿಯು 1917ರಲ್ಲಿ ಟಿ ಟಿ ಎಂಬ ಒಂದು ಟನ್ನಿನ ಲಾರಿಯನ್ನು ಮಾರುವುದಕ್ಕೆ ಆರಂಭಿಸಿದಾಗ ಆರು ನೂರು ಡಾಲರುಗಳಿಗೆ ಕೊಡುತ್ತಿದ್ದುದು ಬರಿಯ ಅಡಿಚೌಕಟ್ಟು, ಎಂಜಿನು ಮತ್ತು ಚಕ್ರಗಳನ್ನು ಮಾತ್ರವೇ. ಮೇಲಿನ ಕೋಣೆ, ಹಿಂದಿನ ತೊಟ್ಟಿ, ಕುಳಿತುಕೊಳ್ಳುವ ಆಸನ ಎಲ್ಲವೂ ಕೊಂಡವನ ಹೊಣೆ. ಅವನು ಊರಿನ ಬಡಗಿಯಲ್ಲಿಗೋ ಗಾಡಿ ಕಟ್ಟುವವನಲ್ಲಿಗೋ ಹೋಗಿ ತನ್ನ ಕೆಲಸಕ್ಕೆ ಬೇಕಾದಂತೆ ಕಟ್ಟಿಸಿಕೊಳ್ಳುತ್ತಿದ್ದನು. ಕಾರ್ಖಾನೆಯಲ್ಲಿಯೇ ತೊಟ್ಟಿಯನ್ನು ಜೋಡಿಸಿದ ಫೋರ್ಡ್ ಪಿಕಪ್ಪು ಮಾರುಕಟ್ಟೆಗೆ ಬಂದುದು 1925ರಲ್ಲಿ. ಅದರ ಬೆಲೆ 281 ಡಾಲರು. ಷೆವ್ರೊಲೆ ಕಂಪೆನಿಯೂ ಬಹುಕಾಲ ಹೊರಗಿನವರಿಂದ ಬಾಡಿಗಳನ್ನು ತರಿಸಿಕೊಳ್ಳುತ್ತಿದ್ದು, 1930ರಲ್ಲಿ ಇಂಡಿಯಾನಾಪೊಲಿಸ್ ನಗರದ ಮಾರ್ಟಿನ್ ಪ್ಯಾರಿ ಎಂಬ ಬಾಡಿ ಕಾರ್ಖಾನೆಯನ್ನೇ ಕೊಂಡುಕೊಂಡಿತು.

ಈ ಹಿನ್ನೆಲೆಯನ್ನು ಮರೆತು ವಾದ ಮಾಡುವವರೇ ಹೆಚ್ಚು. ಮೂಲರೂಪ, ಮೂಲರೂಪ ಎಂದು ಹೇಳುವವರು ಲಾರಿಯ ಜನ್ಮಕಾಲದಲ್ಲಿ ಅದಕ್ಕೆ ಮೂಲವಾದ ಒಳಾಂಗವೇ ಇರಲಿಲ್ಲವೆಂಬುದನ್ನು ನೆನಪಿನಲ್ಲಿಡುವುದಿಲ್ಲ. ಕೊಂಡವನ ಇಷ್ಟದಂತೆ ಬದಲಾಗುವುದೇ ಆ ವಾಹನದ ಹುಟ್ಟುಗುಣವಾಗಿತ್ತು. ಹಾಗೆಂದ ಮಾತ್ರಕ್ಕೆ ಮುಂದೆ ಕಾರ್ಖಾನೆಯವರೇ ವಿಚಾರಪೂರ್ವಕವಾಗಿ ರಚಿಸಿದ ಕ್ಯಾಬಿನ್ನುಗಳಿಗೂ ಇದೇ ನ್ಯಾಯವನ್ನು ಅನ್ವಯಿಸುವುದು ಸರಿಯಾಗದು.

ಅಂಥ ಕ್ಯಾಬಿನ್ನುಗಳಲ್ಲಿ ಹೆಸರಾದುದು ಷೆವ್ರೊಲೆಯವರು 1947ರ ಬೇಸಗೆಯಲ್ಲಿ ಹೊರತಂದ ಅಡ್ವಾನ್ಸ್ ಡಿಸೈನ್ ಎಂಬ ಮಾದರಿ. ಎರಡನೆಯ ಮಹಾಯುದ್ಧದ ಕಾಲದಲ್ಲಿ, 1942ರಿಂದ, ಅಮೆರಿಕಾದ ಕಾರ್ಖಾನೆಗಳು ಯುದ್ಧಸಾಮಗ್ರಿಗೆ ಮೀಸಲಾಗಿ ಜನಸಾಮಾನ್ಯರಿಗೆ ಹೊಸ ವಾಹನಗಳು ದೊರೆಯುವುದು ದುರ್ಲಭವಾಗಿತ್ತು. ಯುದ್ಧವು ಮುಗಿದ ಮೇಲೆ ಹಳೆಯ ಅಚ್ಚುಗಳಿಂದಲೇ ಕೆಲವು ಕಾಲ ಕೆಲಸ ಸಾಗಿಸಿ, ಅನಂತರ ಹೊಸದಾಗಿ ಯೋಚಿಸಿದ ಮೊದಲ ಮಾದರಿಗಳಲ್ಲಿ ಇದೊಂದು. ಮೂವರು ಒತ್ತಾಗಿ ಕುಳಿತುಕೊಳ್ಳಬಹುದಾದ ಅಗಲವಾದ ಒಂದೇ ಆಸನ, ಬೇಕೆಂದವರಿಗೆ ಹಿಂದಿನ ಮೂಲೆಗಳಲ್ಲಿಯೂ ಗಾಜಿನ ಕಿಟಕಿಗಳು, ಹೊರಗಿನ ಗಾಳಿಯನ್ನು ಎಳೆದು ಬೆಚ್ಚಗೆ ಮಾಡಿ ಒಳಗೆ ಬಿಡುವ ಯಂತ್ರ, ಇವೆಲ್ಲವೂ ಅದರಲ್ಲಿದ್ದುವು. ಉಸಿರಾಡುವ ಕ್ಯಾಬಿನ್ನು ಎಂದು ಕಂಪೆನಿಯವರು ಅದನ್ನು ಜಾಹೀರುಮಾಡಿದರು. ಹಿಂದಿನ ಕಾಲದ ಲಾರಿಗಳಲ್ಲಿ ಕಾಣದಿದ್ದ ಸೌಕರ್ಯವಾದ ರೇಡಿಯೋ ಪೆಟ್ಟಿಗೆಯನ್ನು ಕೂಡ ಹೆಚ್ಚಿನ ಹಣ ಕೊಟ್ಟವರಿಗೆ ಮುಂಭಾಗದ ಫಲಕದೊಳಗೆ ಜೋಡಿಸಿಕೊಡುತ್ತಿದ್ದರು. ಮರುವರ್ಷ, 1948ರಲ್ಲಿ, ಫೋರ್ಡಿನವರು ಎಫ್ ಶ್ರೇಣಿಯ ಲಾರಿಗಳನ್ನು ಹೊರತಂದು, ಅವುಗಳ ಕ್ಯಾಬಿನ್ನಿಗಾಗಿಯೇ ಹತ್ತು ಲಕ್ಷ ಡಾಲರುಗಳನ್ನು ವೆಚ್ಚಮಾಡಿದೆವೆಂದು ಡಂಗುರ ಹೊಡೆದರು. ವ್ಯಾಪಾರಿಗಳ ಮಾತಿನಲ್ಲಿ ಎಷ್ಟು ಕಳೆದುಕೊಳ್ಳಬೇಕೋ ಅಷ್ಟನ್ನು ಕಳೆದರೂ, ಚಾಲಕನ ಸುಖವೆಂಬುದು ಜಾಹೀರಾತಿಗೆ ಯೋಗ್ಯವಾದ ವಿಷಯವಾಯಿತೆಂಬುದೇ ಒಂದು ದೊಡ್ಡ ಸಂಗತಿ. ಡೈಮ್ಲರನ ಬಯಲಾಸನದಿಂದ ಇಲ್ಲಿಯವರೆಗೆ ಅರ್ಧ ಶತಮಾನ ಸಂದಿತ್ತು.

ಆ ಷೆವ್ರೊಲೆಯ ಒಳಾಂಗವನ್ನು ಈಗ ಕಂಡವರಿಗೆ ಅದು ಬಡತನದ ಮನೆಯಂತೆ ತೋರುವುದು. ಮುಂಭಾಗದ ಫಲಕವು ಬಣ್ಣ ಬಳಿದ ಬರಿಯ ಉಕ್ಕಿನ ತಗಡು. ಅದರಲ್ಲಿ ವೇಗವನ್ನು ತೋರಿಸುವ ದುಂಡುಮುಖವೊಂದು, ಪೆಟ್ರೋಲು, ಎಣ್ಣೆಯ ಒತ್ತಡ, ನೀರಿನ ಶಾಖ, ವಿದ್ಯುತ್ತು ಎಂಬ ನಾಲ್ಕನ್ನು ತೋರಿಸುವ ದುಂಡುಮುಖ ಮತ್ತೊಂದು. ಎಂಜಿನನ್ನು ಎಬ್ಬಿಸುವುದಕ್ಕೆ ನೆಲದ ಮೇಲಿದ್ದ ಗುಂಡಿಯನ್ನು ಕಾಲಿನಿಂದ ತುಳಿಯಬೇಕಾಗಿತ್ತು. ಚಾವಣಿಯ ಒಳಮೈಗೆ ಒತ್ತಿದ ರಟ್ಟು, ನೆಲಕ್ಕೆ ಕರಿಯ ರಬ್ಬರಿನ ಹಾಸು, ಆಸನದೊಳಗೆ ಉಕ್ಕಿನ ಸ್ಪ್ರಿಂಗುಗಳು, ಮೇಲೆ ಚರ್ಮದಂತೆ ತೋರುವ ಹೊದಿಕೆ. ವಿದ್ಯುತ್ತು ಆರು ವೋಲ್ಟಿನದು. 1949ರಲ್ಲಿ ಪೆಟ್ರೋಲಿನ ತೊಟ್ಟಿಯನ್ನು ಆಸನದ ಬೆನ್ನಹಿಂದೆ, ಕ್ಯಾಬಿನ್ನಿನೊಳಗೇ ತಂದಿಟ್ಟರು. ಕಟ್ಟಿಕೊಳ್ಳುವುದಕ್ಕೆ ಪಟ್ಟಿಯೆಂಬುದು ಇರಲಿಲ್ಲ. ಈ ಮಾದರಿಯ ಲಾರಿಗಳು 1955ರ ಮೊದಲ ತಿಂಗಳುಗಳವರೆಗೆ ತಯಾರಾದುವು. ನಡುವೆ ಬಾಗಿಲಿನ ಕಿಟಕಿಗೆ ಚಿಕ್ಕ ತಿರುಗುಗಾಜು ಬಂದಿತು, 1954ರಲ್ಲಿ ಎರಡು ತುಂಡಾಗಿದ್ದ ಮುಂಗಾಜು ಬಾಗಿದ ಒಂದೇ ಗಾಜಾಯಿತು, ಮುಂಭಾಗದ ಫಲಕದ ಆಕಾರವೂ ಬದಲಾಯಿತು. 1950ರಲ್ಲಿ ಕೊರಿಯಾ ಯುದ್ಧವು ಆರಂಭವಾದ ಮೇಲೆ ಲೋಹದ ಅಭಾವವುಂಟಾಗಿ, ಮೊದಲು ಕ್ರೋಮಿಯಂ ಲೇಪದಿಂದ ಹೊಳೆಯುತ್ತಿದ್ದ ಹಲವು ಭಾಗಗಳು ಬರಿಯ ಬಣ್ಣಕ್ಕೆ ಇಳಿದುವು.

ಇಷ್ಟು ಚಿಕ್ಕ ವಿವರಗಳನ್ನು ಹೇಳುವುದಕ್ಕೆ ಕಾರಣವುಂಟು. ಇವುಗಳಲ್ಲಿ ಒಂದೊಂದೂ ಒಂದು ಶಾಸನದ ಅಕ್ಷರದಂತಿದೆ. ಹೊಳಪಿಲ್ಲದ ಗುಂಡಿಯು ಯುದ್ಧದ ಅಭಾವವನ್ನು ಹೇಳುತ್ತದೆ. ಎಡಮಗ್ಗುಲಲ್ಲಿ ಕುಸಿದ ಸ್ಪ್ರಿಂಗು ಚಾಲಕನೊಬ್ಬನೇ ಬಹುಕಾಲ ದುಡಿದನೆಂದು ಹೇಳುತ್ತದೆ. ಆಸನವು ಎರಡು ಕಡೆಗಳಲ್ಲಿಯೂ ಸಮನಾಗಿ ಸವೆದಿದ್ದರೆ ಅವನ ಸಂಗಡ ಮತ್ತೊಬ್ಬನು ನಿತ್ಯವೂ ಪ್ರಯಾಣಮಾಡಿದನೆಂದು ಊಹಿಸಬಹುದು. ಕ್ಲಚ್ಚಿನ ಪೆಡಲಿನ ರಬ್ಬರು ಸವೆದು ಕಬ್ಬಿಣ ಕಾಣಿಸಿದ್ದರೆ ಅದು ಊರೊಳಗೆ ಮನೆಮನೆಗೆ ನಿಂತು ಹೋಗುತ್ತಿದ್ದ ಗಾಡಿಯೇ ಹೊರತು ದೂರದ ರಸ್ತೆಯದಲ್ಲ. ಸ್ಟಿಯರಿಂಗಿನ ಚಕ್ರದಲ್ಲಿ ಕೈ ಹಿಡಿದೆಡೆ ನಯವಾದ ತಗ್ಗು, ಬಾಗಿಲಿನ ಅಂಚಿನಲ್ಲಿ ಮೊಣಕೈ ಊರಿ ಬಣ್ಣ ಹೋದ ಗುರುತು, ಇವನ್ನು ಯಾವ ಕಾಗದಪತ್ರವೂ ದಾಖಲುಮಾಡಿಲ್ಲ. ಕಂಪೆನಿಯವರ ಕೈಪಿಡಿಗಳೂ ಬೆಲೆಪಟ್ಟಿಗಳೂ ದೊರೆಯುತ್ತವೆ. ಲಾರಿಯನ್ನು ನಡೆಸಿದವರ ದಿನಚರಿಗಳು ದೊರೆಯುವುದು ಅಪೂರ್ವ. ಹೀಗಿರುವಲ್ಲಿ ಒಳಾಂಗವನ್ನು ಕಿತ್ತು ಬಿಸಾಡುವುದೆಂದರೆ ಉಳಿದಿರುವ ಒಂದೇ ಸಾಕ್ಷಿಯನ್ನು ನಾಶಮಾಡಿದಂತಾಗುವುದು.

ಇನ್ನು ಬದಲಾಯಿಸುವವರ ಪಕ್ಷವನ್ನು ನೋಡೋಣ. ಹಳೆಯ ವಾಹನಗಳನ್ನು ತಮ್ಮ ಇಚ್ಛೆಯಂತೆ ರೂಪಾಂತರಗೊಳಿಸುವ ಹವ್ಯಾಸವು ಅಮೆರಿಕಾದ ಕ್ಯಾಲಿಫೋರ್ನಿಯಾದಲ್ಲಿ 1930ರ ದಶಕದಿಂದಲೇ ಬೆಳೆದು ಬಂದಿತು. ಒಣಗಿದ ಕೆರೆಗಳ ಸಮತಟ್ಟಾದ ಅಂಗಳಗಳಲ್ಲಿ ಯುವಕರು ಹಳೆಯ ಫೋರ್ಡ್ ಗಾಡಿಗಳನ್ನು ಹಗುರಮಾಡಿ, ಎಂಜಿನನ್ನು ಬಲಪಡಿಸಿ ಓಡಿಸುತ್ತಿದ್ದರು. ಈ ಹವ್ಯಾಸಕ್ಕೇ ಮೀಸಲಾದ ಹಾಟ್ ರಾಡ್ ಎಂಬ ಮಾಸಪತ್ರಿಕೆಯು 1948ರ ಜನವರಿಯಲ್ಲಿ ಆರಂಭವಾಯಿತು. ಕಾಲಕ್ರಮದಲ್ಲಿ ಹಳೆಯ ಪಿಕಪ್ಪುಗಳೂ ಈ ಕೈಗಳಿಗೆ ಬಂದುವು. ಈಗಿನ ರೀತಿಯೆಂದರೆ ಹೊರಗೆ 1947ರ ಮುಖವನ್ನು ಉಳಿಸಿಕೊಂಡು ಒಳಗೆ ಎಲ್ಲವನ್ನೂ ಹೊಸದುಮಾಡುವುದು: ಎಂಟು ಸಿಲಿಂಡರುಗಳ ಎಂಜಿನು, ಹಗುರವಾಗಿ ತಿರುಗುವ ಸ್ಟಿಯರಿಂಗು, ತಂಪು ಗಾಳಿಯ ಯಂತ್ರ, ಒಬ್ಬೊಬ್ಬರಿಗೆ ಬೇರೆಬೇರೆ ಆಸನ, ಹನ್ನೆರಡು ವೋಲ್ಟಿನ ವಿದ್ಯುತ್ತು.

ಇವರನ್ನು ಇತಿಹಾಸಘಾತಕರೆಂದು ಬೈಯುವುದು ಸುಲಭ, ನ್ಯಾಯವಲ್ಲ. ಬೆನ್ನಹಿಂದೆ ಪೆಟ್ರೋಲಿನ ತೊಟ್ಟಿ, ಎದೆಯ ಮುಂದೆ ಉಕ್ಕಿನ ಫಲಕ, ನಡುವೆ ಪಟ್ಟಿಯಿಲ್ಲದ ಮನುಷ್ಯನು, ಈ ಸ್ಥಿತಿಯಲ್ಲಿ ಈಗಿನ ವೇಗದ ರಸ್ತೆಗಳಲ್ಲಿ ಹೆಂಡತಿಮಕ್ಕಳನ್ನು ಕೂರಿಸಿಕೊಂಡು ಹೋಗಬೇಕೆಂದು ಇತಿಹಾಸಜ್ಞನು ಯಾರಿಗೂ ಆಜ್ಞಾಪಿಸಲಾರನು. ಮೂರೆಡೆ ಬಿಗಿಯುವ ಪಟ್ಟಿಯನ್ನು ವೋಲ್ವೋ ಕಂಪೆನಿಯ ನಿಲ್ಸ್ ಬೊಹ್ಲಿನನು ರೂಪಿಸಿದುದು 1959ರಲ್ಲಿ. ಅದಕ್ಕೆ ಮುಂಚೆ ಹುಟ್ಟಿದ ಲಾರಿಗೆ ಅದನ್ನು ಜೋಡಿಸಿದರೆ ಲಾರಿಯ ಮಾನವೇನೂ ಹೋಗುವುದಿಲ್ಲ. ಅಲ್ಲದೆ, ದುಡಿಯುವ ವಾಹನವನ್ನು ದುಡಿಸುತ್ತಲೇ ಉಳಿಸುವುದೂ ಒಂದು ಬಗೆಯ ರಕ್ಷಣೆಯೇ. ಓಡದೆ ನಿಂತ ಗಾಡಿಗೆ ತುಕ್ಕು ಹಿಡಿಯುವುದು ತಡವಿಲ್ಲ.

ಆದರೆ ಈ ವಾದದಲ್ಲಿ ಮೂರನೆಯ ಪಕ್ಷವೊಂದಿದೆ. ಅದು ರಕ್ಷಕರ ವೇಷದಲ್ಲಿ ಬರುವುದರಿಂದ ಅನೇಕರಿಗೆ ಗೋಚರಿಸುವುದಿಲ್ಲ. ಹಳೆಯ ಲಾರಿಯನ್ನು ಕಾರ್ಖಾನೆಯಿಂದ ಹೊರಬಿದ್ದ ದಿನದಂತೆಯೇ ಮಾಡುತ್ತೇವೆಂದು ಇವರು ಸವೆದ ಆಸನವನ್ನೂ, ಬಿರುಕುಬಿಟ್ಟ ಚಕ್ರವನ್ನೂ, ರಟ್ಟಿನ ಚಾವಣಿಯನ್ನೂ ಕಿತ್ತುಹಾಕಿ, ಹಳೆಯದರ ಅಚ್ಚಿನಲ್ಲಿ ಹೊಸದಾಗಿ ತಯಾರಾದ ಸಾಮಾನುಗಳನ್ನು ತರಿಸಿ ಜೋಡಿಸುವರು. ಅಡ್ವಾನ್ಸ್ ಡಿಸೈನ್ ಲಾರಿಗಳಿಗಂತೂ ರಬ್ಬರಿನ ಹಾಸಿನಿಂದ ಮೊದಲ್ಗೊಂಡು ಇಡೀ ಕ್ಯಾಬಿನ್ನಿನ ಉಕ್ಕಿನ ಕವಚದವರೆಗೂ ಹೊಸ ನಕಲುಗಳು ಮಾರಾಟಕ್ಕಿವೆ. ಕೊರಿಯಾ ಯುದ್ಧಕಾಲದ ಲಾರಿಗೂ ಅಂದವಾಗಿರಲೆಂದು ಕ್ರೋಮಿಯಂ ಹೊಳಪನ್ನು ಕೊಡಿಸುವವರುಂಟು. ಹೀಗೆ ಸಿದ್ಧವಾದ ಲಾರಿಯು ಯಾವ ಕಾಲದಲ್ಲಿಯೂ ಇದ್ದುದಲ್ಲ. ಫ್ರಾನ್ಸಿನ ವಾಸ್ತುಶಿಲ್ಪಿ ವಿಯೊಲೆ ಲ ದ್ಯುಕನು ಹತ್ತೊಂಬತ್ತನೆಯ ಶತಮಾನದ ಮಧ್ಯದಲ್ಲಿ, ಜೀರ್ಣೋದ್ಧಾರವೆಂದರೆ ಕಟ್ಟಡವನ್ನು ಅದು ಎಂದೂ ಇಲ್ಲದಿದ್ದಿರಬಹುದಾದ ಪೂರ್ಣಸ್ಥಿತಿಗೆ ತರುವುದೆಂದು ಹೇಳಿದನು. ಅವನಿಗಿಂತ ಸ್ವಲ್ಪ ಮುಂಚೆಯೇ, 1849ರಲ್ಲಿ, ಇಂಗ್ಲೆಂಡಿನ ರಸ್ಕಿನ್ನನು ಇಂಥ ಜೀರ್ಣೋದ್ಧಾರವು ಕಟ್ಟಡಕ್ಕೆ ಒದಗಬಹುದಾದ ಅತ್ಯಂತ ಸಂಪೂರ್ಣವಾದ ವಿನಾಶವೆಂದು ಖಂಡಿಸಿದ್ದನು. ಇವರಿಬ್ಬರೂ ಚರ್ಚುಗಳನ್ನು ಕುರಿತು ಆಡಿದ ಮಾತುಗಳು ನೂರು ವರ್ಷಗಳಾದ ಮೇಲೆ ಲಾರಿಯ ಆಸನಕ್ಕೆ ಅನ್ವಯಿಸಿದುವು. ರೂಪಾಂತರ ಮಾಡುವವನು ತಾನು ಬದಲಾಯಿಸಿದೆನೆಂದು ಬಾಯಿಬಿಟ್ಟು ಹೇಳುತ್ತಾನೆ; ಈ ಮೂರನೆಯವನು ಬದಲಾಯಿಸಿಯೂ ಮೂಲವೆಂದು ಹೇಳುತ್ತಾನೆ. ಸಾಕ್ಷಿಯನ್ನು ಕೆಡಿಸುವುದರಲ್ಲಿ ಇವನದೇ ಮೇಲುಗೈಯೆಂದು ಹೇಳಬೇಕಾಗುವುದು.

ಭಾಗಗಳು ಹೋದ ಮೇಲೆ ವಸ್ತುವು ಅದೇ ವಸ್ತುವೋ ಎಂಬುದು ಭಾರತದ ದರ್ಶನಗಳಿಗೆ ಪರಿಚಿತವಾದ ಪ್ರಶ್ನೆ. ಮಿಲಿಂದಪಞ್ಹದಲ್ಲಿ ನಾಗಸೇನ ಭಿಕ್ಷುವು ಯವನರಾಜನಿಗೆ ರಥದ ದೃಷ್ಟಾಂತವನ್ನೇ ಕೊಟ್ಟು, ಅಚ್ಚು ರಥವಲ್ಲ, ಚಕ್ರ ರಥವಲ್ಲ, ಇವೆಲ್ಲವುಗಳ ಕೂಟಕ್ಕೆ ಇಟ್ಟ ಹೆಸರು ಮಾತ್ರ ರಥವೆಂದು ವಾದಿಸುತ್ತಾನೆ. ನೈಯಾಯಿಕರಾದರೋ ಅವಯವಗಳಿಂದ ಭಿನ್ನವಾದ ಅವಯವಿಯೊಂದುಂಟೆಂದು ಒಪ್ಪುವವರು. ಬಟ್ಟೆಯಿಂದ ಒಂದು ನೂಲನ್ನು ತೆಗೆದರೂ ಹಿಂದಿನ ಪಟವು ನಾಶವಾಗಿ ಖಂಡಪಟವೆಂಬ ಬೇರೊಂದು ಹುಟ್ಟುತ್ತದೆಂಬುದು ಅವರ ಸಿದ್ಧಾಂತ. ಬೌದ್ಧರ ಮತದಂತೆ ಲಾರಿಯನ್ನು ಕುರಿತು ದುಃಖಿಸಬೇಕಾದುದೇ ಇಲ್ಲ. ತಾರ್ಕಿಕರ ಮತದಂತೆ ಒಂದು ಬೋಲ್ಟು ಬದಲಾದರೂ ಹೊಸ ಲಾರಿ. ಎರಡೂ ಗ್ಯಾರೇಜಿನ ಮೇಸ್ತ್ರಿಗೆ ಉಪಯೋಗಕ್ಕೆ ಬರುವುದಿಲ್ಲ. ಗ್ರಂಥಸಂಪಾದಕರ ಮಾರ್ಗವೇ ಇದಕ್ಕಿಂತ ಹತ್ತಿರವಾದುದು. ಪುಣೆಯ ಭಂಡಾರಕರ ಸಂಶೋಧನಾ ಮಂದಿರದವರು ಮಹಾಭಾರತದ ಸಂಶೋಧಿತ ಪಾಠವನ್ನು ಸಿದ್ಧಪಡಿಸುವಾಗ ತಾವು ಬಿಟ್ಟ ಪಾಠಗಳನ್ನು ಬೆಂಕಿಗೆ ಹಾಕಲಿಲ್ಲ, ಪುಟದ ಕೆಳಗೆ ಕೊಟ್ಟರು. ಮುಂದೆ ಬರುವವನು ತಮ್ಮ ತೀರ್ಮಾನವನ್ನು ಒಪ್ಪದಿದ್ದರೆ ಅವನಿಗೆ ಸಾಮಗ್ರಿಯಿರಲೆಂಬುದೇ ಅದರ ಉದ್ದೇಶ.

ಇದೇ ತತ್ತ್ವವು ಕಡೆಗೆ ವಾಹನಗಳ ವಿಷಯದಲ್ಲಿಯೂ ನೆಲೆಗೊಂಡಿತು. ಹಳೆಯ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟವು 1966ರಲ್ಲಿ ಸ್ಥಾಪಿತವಾಗಿ, 2012ರಲ್ಲಿ ಟ್ಯೂರಿನ್ ಸನ್ನದು ಎಂಬ ನಿಬಂಧನೆಯನ್ನು ಅಂಗೀಕರಿಸಿತು. ಪ್ರಾಚೀನ ಕಟ್ಟಡಗಳಿಗಾಗಿ 1964ರಲ್ಲಿ ರಚಿತವಾದ ವೆನಿಸ್ ಸನ್ನದನ್ನೇ ಮಾದರಿಯಾಗಿಟ್ಟುಕೊಂಡು ಬರೆದ ಈ ಲೇಖದಲ್ಲಿ, ವಾಹನದ ಬಾಳಿನಲ್ಲಿ ನಡೆದ ಬದಲಾವಣೆಗಳೂ ಅದರ ಇತಿಹಾಸದ ಭಾಗಗಳೆಂದು ಒಪ್ಪಲಾಗಿದೆ. ಸುರಕ್ಷತೆಗಾಗಿಯೋ ಅನಿವಾರ್ಯವಾಗಿಯೋ ಹೊಸದನ್ನು ಸೇರಿಸಬೇಕಾದರೆ ಅದು ಮತ್ತೆ ತೆಗೆಯಲು ಬರುವಂತಿರಬೇಕು. ತೆಗೆದ ಹಳೆಯ ಭಾಗಗಳನ್ನು ವಾಹನದೊಡನೆಯೇ ಇಟ್ಟುಕೊಳ್ಳಬೇಕು. ಅಂದರೆ ಆರು ವೋಲ್ಟಿನ ತಂತಿಯನ್ನು ಬದಲಾಯಿಸುವವನು ಬದಲಾಯಿಸಲಿ, ಹಳೆಯ ತಂತಿಯ ಕಟ್ಟನ್ನು ಚೀಲದಲ್ಲಿ ಹಾಕಿ ಹೆಸರು ಬರೆದು ಅಟ್ಟದ ಮೇಲಿಡಲಿ. ಹೊಸ ಆಸನವನ್ನು ಕೂರಿಸುವುದಕ್ಕೆ ನೆಲದಲ್ಲಿ ಹೊಸ ತೂತು ಕೊರೆಯದೆ ಹಳೆಯ ತೂತುಗಳನ್ನೇ ಬಳಸಲಿ. ಸನ್ನದು ಯಾರ ಮೇಲೆಯೂ ಕಾನೂನಿನ ಬಲದಿಂದ ಹೇರಿದುದಲ್ಲ, ವಿವೇಕಿಗಳಿಗೆ ಕೊಟ್ಟ ಸೂಚನೆ ಮಾತ್ರ. ಗುಜರಿಯವನು ಅದನ್ನು ಓದುವುದಿಲ್ಲ.

ಈ ನ್ಯಾಯವೆಲ್ಲವೂ ತಲೆಕೆಳಗಾಗುವ ದೇಶವೊಂದುಂಟು. ಇಂಗ್ಲೆಂಡಿನ ಲೂಟನ್ ಪಟ್ಟಣದ ವಾಕ್ಸ್‌ಹಾಲ್ ಕಂಪೆನಿಯು 1931ರಿಂದ ತಯಾರಿಸುತ್ತಿದ್ದ ಬೆಡ್‌ಫರ್ಡ್ ಲಾರಿಯು ಪಾಕಿಸ್ತಾನದಲ್ಲಿ ಬಹು ಪ್ರಚಾರಕ್ಕೆ ಬಂದಿತು. ಅಲ್ಲಿನವರು ಇಂಗ್ಲಿಷು ಕ್ಯಾಬಿನ್ನನ್ನು ಇದ್ದಂತೆ ಇಟ್ಟುಕೊಳ್ಳಲಿಲ್ಲ. ನೆತ್ತಿಯ ಮೇಲೆ ಕಿರೀಟದಂತೆ ಮುಂಚಾಚಿದ ದೊಡ್ಡ ಮರದ ಮಾಡ, ಕಬ್ಬಿಣದ ಬಾಗಿಲನ್ನು ತೆಗೆದುಹಾಕಿ ಸ್ವಾತ್ ಕಣಿವೆಯ ಬಡಗಿಗಳು ಕೆತ್ತಿದ ಮರದ ಬಾಗಿಲು, ಒಳಗೆಲ್ಲ ಕನ್ನಡಿಚೂರು, ಹೊಳೆಯುವ ಕಾಗದ, ಬಣ್ಣದ ದೀಪ, ಜಾಲರಿ, ಗೊಂಡೆ, ಹೀಗೆ ಚಾಲಕನ ಕೋಣೆಯು ಮದುವೆಮನೆಯಾಯಿತು. ಯಜಮಾನನು ತನ್ನ ಮನೆಗೆ ಸುಣ್ಣ ಬಳಿಸದಿದ್ದರೂ ಲಾರಿಯ ಅಲಂಕಾರಕ್ಕೆ ಹಣವನ್ನು ಹಿಂದೆಗೆಯುವುದಿಲ್ಲವೆಂದು ಕಂಡವರು ಹೇಳುವರು. ಇಂಥ ಲಾರಿಯೊಂದನ್ನು 2002ರಲ್ಲಿ ವಾಷಿಂಗ್ಟನ್ ನಗರದ ಸ್ಮಿತ್ಸೋನಿಯನ್ ಸಂಸ್ಥೆಯ ಜಾನಪದ ಉತ್ಸವಕ್ಕೆ ಕೊಂಡೊಯ್ದು, ಕರಾಚಿಯ ಚಿತ್ರಕಾರ ಹೈದರ್ ಅಲಿಯ ಕೈಯಿಂದ ಎಲ್ಲರ ಕಣ್ಣೆದುರಿನಲ್ಲಿ ಚಿತ್ರಿಸಿದರು. ಆ ಲಾರಿಯನ್ನು ಈಗ ಯಾರಾದರೂ ಮೂಲರೂಪಕ್ಕೆ ತರುತ್ತೇನೆಂದು ಬಣ್ಣ ಕೆರೆದು, ಮರದ ಬಾಗಿಲನ್ನು ಕಿತ್ತು, ಲೂಟನ್ನಿನ ಬೂದುಬಣ್ಣದ ತಗಡನ್ನು ಹೊರಗೆಡಹಿದರೆ ಅದನ್ನು ರಕ್ಷಣೆಯೆಂದು ಯಾರೂ ಕರೆಯಲಾರರು. ಅಲ್ಲಿ ರೂಪಾಂತರವೇ ಮೂಲ. ಆದರೂ ಕ್ಯಾಲಿಫೋರ್ನಿಯಾದ ಹವ್ಯಾಸಿಯು ಈ ಉದಾಹರಣೆಯನ್ನು ತನ್ನ ಪಕ್ಷಕ್ಕೆ ಎಳೆದುಕೊಳ್ಳುವಂತಿಲ್ಲ. ಸ್ವಾತಿನ ಬಡಗಿಯು ಲಾರಿಯು ದುಡಿಯುತ್ತಿದ್ದ ಕಾಲದಲ್ಲಿ, ಅದರಲ್ಲಿ ದುಡಿಯುವವನಿಗಾಗಿ, ಒಂದು ಸಂಪ್ರದಾಯದೊಳಗೆ ನಿಂತು ಬದಲಾಯಿಸಿದನು. ಅವನ ಕೆಲಸವೂ ಸವೆತದಂತೆಯೇ ಸಾಕ್ಷಿ. ದುಡಿತವು ಮುಗಿದು ಐವತ್ತು ವರ್ಷಗಳಾದ ಮೇಲೆ ಅಂಗಡಿಯಿಂದ ತಂದು ಕೂರಿಸಿದ ಆಸನವು ಕೂರಿಸಿದವನ ಇತಿಹಾಸವನ್ನು ಹೇಳೀತೇ ಹೊರತು ಲಾರಿಯದನ್ನು ಹೇಳದು.

ಭಾರತದ ಸ್ಥಿತಿಯು ಇವೆರಡರ ನಡುವಿನದು. ಇಲ್ಲಿ ಹಿಂದುಸ್ಥಾನ್ ಮೋಟಾರ್ಸ್‌ನವರು ಬೆಡ್‌ಫರ್ಡನ್ನು ಜೋಡಿಸಿದರು. ಟಾಟಾದವರು 1954ರಲ್ಲಿ ಜರ್ಮನಿಯ ಡೈಮ್ಲರ್ ಬೆಂಜ್ ಸಂಗಡ ಒಪ್ಪಂದ ಮಾಡಿಕೊಂಡು, 1969ರವರೆಗೆ ಆ ಸಹಕಾರದಿಂದ ಲಾರಿಗಳನ್ನು ತಯಾರಿಸಿದರು. ಮದರಾಸಿನಲ್ಲಿ 1948ರಲ್ಲಿ ಹುಟ್ಟಿದ ಅಶೋಕ್ ಮೋಟಾರ್ಸ್ 1955ರಲ್ಲಿ ಅಶೋಕ್ ಲೇಲ್ಯಾಂಡ್ ಆಯಿತು. ಆದರೆ ದಶಕಗಳ ಕಾಲ ಇವರೆಲ್ಲರೂ ಬಹುಪಾಲು ಮಾರುತ್ತಿದ್ದುದು ಫೋರ್ಡ್ ಟಿ ಟಿಯ ಹಾಗೆ ಮೂತಿ, ಎಂಜಿನು, ಅಡಿಚೌಕಟ್ಟುಗಳನ್ನು ಮಾತ್ರ. ಬಾಡಿ ಕಟ್ಟಿಸುವುದು ಯಜಮಾನನ ಕೆಲಸ. ತಮಿಳುನಾಡಿನ ನಾಮಕ್ಕಲ್ ತಿರುಚೆಂಗೋಡುಗಳಂಥ ಊರುಗಳು ಈ ಕಸುಬಿನಿಂದಲೇ ಪ್ರಸಿದ್ಧವಾದುವು. ಕನ್ನಡ ನಾಡಿನ ಲಾರಿಗಳಲ್ಲಿಯೂ ಅನೇಕವು ಅಲ್ಲಿಯೇ ಮೈ ಪಡೆದವು. ಬಡಗಿಯು ಮರದ ಚೌಕಟ್ಟನ್ನು ನಿಲ್ಲಿಸಿ, ತಗಡು ಹೊದಿಸಿ, ಚಾಲಕನ ಬೆನ್ನಹಿಂದೆ ಕ್ಲೀನರನು ಕಾಲುಮುದುರಿಕೊಂಡು ಮಲಗುವಷ್ಟು ಹಲಗೆಯನ್ನು ಹಾಕಿ, ಮುಂಗಾಜಿನ ಮೇಲೆ ದೇವರ ಪಟಗಳಿಗೊಂದು ಗೂಡು ಮಾಡಿಕೊಡುತ್ತಿದ್ದನು. ಎಂಜಿನಿನ ಬಿಸಿಯು ಕಾಲಬಳಿಯೇ. ಬೇಸಗೆಯಲ್ಲಿ ಆ ಪೆಟ್ಟಿಗೆಯೊಳಗೆ ಕುಳಿತು ನೂರಾರು ಮೈಲಿ ಹೋದವನ ಪಾಡನ್ನು ವರ್ಣಿಸುವ ಅಗತ್ಯವಿಲ್ಲ. ಭಾರತ ಸರಕಾರವು ಹೊಸ ಲಾರಿಗಳ ಕ್ಯಾಬಿನ್ನಿಗೆ ತಂಪು ಗಾಳಿಯ ಯಂತ್ರವು ಕಡ್ಡಾಯವೆಂಬ ನಿಯಮವನ್ನು ಹೊರಡಿಸಿದುದು 2023ರ ಡಿಸೆಂಬರಿನಲ್ಲಿ. ಇಷ್ಟು ತಡವಾಗಿ ಬಂದ ಸುಖವನ್ನು ಮೂಲರೂಪದ ಹೆಸರಿನಲ್ಲಿ ಬೇಡವೆನ್ನುವ ರಸಿಕನು ಒಂದು ಸಲ ಏಪ್ರಿಲ್ ತಿಂಗಳಲ್ಲಿ ರಾಯಚೂರಿನವರೆಗೆ ಆ ಹಲಗೆಯ ಮೇಲೆ ಪ್ರಯಾಣಮಾಡಿ ಬರುವುದೊಳ್ಳೆಯದು.

ಕಾನೂನಿನ ಕಡೆಯಿಂದಲೂ ಇಲ್ಲಿ ಒಂದು ತೊಡಕುಂಟು. ತಯಾರಕನ ಮೂಲ ನಿರ್ದೇಶಕ್ಕೆ ವಿರುದ್ಧವಾಗಿ ವಾಹನವನ್ನು ಮಾರ್ಪಡಿಸಕೂಡದೆಂದು 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ತೀರ್ಪುಕೊಟ್ಟಿತು. 2021ರ ಜುಲೈ ತಿಂಗಳಲ್ಲಿ ಕೇಂದ್ರ ಸರಕಾರವು ಪುರಾತನ ವಾಹನಗಳ ನೋಂದಣಿಗೆ ನಿಯಮಗಳನ್ನು ಮಾಡಿತು. ಮೊದಲ ನೋಂದಣಿಯಾಗಿ ಐವತ್ತು ವರ್ಷಗಳು ಕಳೆದಿರಬೇಕು, ಮೂಲರೂಪದಲ್ಲಿರಬೇಕು, ಅಡಿಚೌಕಟ್ಟು, ಮೈಕವಚ, ಎಂಜಿನುಗಳಲ್ಲಿ ಗಣ್ಯವಾದ ಬದಲಾವಣೆ ನಡೆದಿರಕೂಡದು, ಹಾಗೂ ಅದನ್ನು ವ್ಯಾಪಾರಕ್ಕಾಗಿ ಓಡಿಸಕೂಡದು. ಕಾರಿಗೆ ಈ ನಿಯಮವು ಚೆನ್ನಾಗಿ ಒಪ್ಪುತ್ತದೆ. ಶ್ರೀರಂಗಪಟ್ಟಣದ ಬಳಿಯ ಪಯಣ ಸಂಗ್ರಹಾಲಯಕ್ಕೆ ಹೋದವರು ಹಳೆಯ ಕಾರುಗಳು ಎಷ್ಟು ಆದರದಿಂದ ಉಳಿದಿವೆಯೆಂಬುದನ್ನು ನೋಡಬಹುದು. ಲಾರಿಯು ಹುಟ್ಟಿದುದೇ ವ್ಯಾಪಾರಕ್ಕಾಗಿ. ಅದರ ಮೈಕವಚವು ಕಾರ್ಖಾನೆಯದಲ್ಲ, ಬಡಗಿಯದು. ಅವನು ಇದನ್ನು ಕಟ್ಟುವಾಗ ನಕ್ಷೆಯನ್ನು ಬರೆದಿಡಲಿಲ್ಲ. ಹತ್ತು ಹನ್ನೆರಡು ವರ್ಷಗಳಲ್ಲಿ ಮರವು ಶಿಥಿಲವಾದಾಗ ಯಜಮಾನನು ಹೊಸ ಬಾಡಿಯನ್ನು ಕಟ್ಟಿಸಿದನು, ಮತ್ತೊಮ್ಮೆ ಶಿಥಿಲವಾದಾಗ ಮತ್ತೊಂದನ್ನು ಕಟ್ಟಿಸಿದನು. ಮೂಲ ಯಾವುದೆಂದು ಕೇಳಿದರೆ ತೋರಿಸುವುದಕ್ಕೆ ಜರ್ಮನಿಯ ನಕ್ಷೆಯಂತೆ ತಯಾರಾದ ಮೂತಿಯೊಂದೇ ಉಳಿದಿರುವುದು.

ಹೀಗಾಗಿ 1954ಕ್ಕೂ 1969ಕ್ಕೂ ನಡುವೆ ಕಟ್ಟಿದ ಮರದ ಕ್ಯಾಬಿನ್ನುಗಳಲ್ಲಿ ಆಸನ, ಹಲಗೆ, ದೇವರ ಗೂಡುಗಳೊಡನೆ ಉಳಿದುಬಂದುದು ಕಾಣಸಿಗುವುದು ಬಹಳ ಅಪರೂಪ. ಎಂಜಿನುಗಳು ನೀರೆತ್ತುವ ಪಂಪುಗಳಿಗೆ ಹೋದುವು, ಅಚ್ಚುಗಳೂ ಚಕ್ರಗಳೂ ಟ್ರೇಲರುಗಳಿಗೆ ಹೋದುವು, ಕಬ್ಬಿಣವು ತೂಕಕ್ಕೆ ಹೋಯಿತು. ಕ್ಯಾಬಿನ್ನಿನ ಮರವನ್ನು ಗುಜರಿಯವನು ತೂಕಕ್ಕೂ ಹಿಡಿಯುತ್ತಿರಲಿಲ್ಲ. ಅದನ್ನು ಬಿಚ್ಚಿದ ಕೂಲಿಯವರು ಸೌದೆಗೆಂದು ಮನೆಗೆ ಹೊತ್ತುಕೊಂಡು ಹೋಗುತ್ತಿದ್ದರು.